ಅರಸಾಳುವಿನವರೆಗೆ

ವ್ಯಾನಿಟಿ ಬ್ಯಾಗಿನಲ್ಲಿ ಹನ್ನೊಂದು ಕರಪತ್ರ.
ಮೂರು ಭಾನುವಾರದಿಂದಲೂ ಹನ್ನೊಂದೇ.
ಪಾಸ್ಟರ್ ಲೆಕ್ಕ ಕೇಳುತ್ತಾರೆ,
ನಾನು ಸೆರಗು ಸರಿಮಾಡಿಕೊಳ್ಳುತ್ತೇನೆ.

ತಾಳಗುಪ್ಪದ ಗಾಡಿ ಕುಂಸಿ ದಾಟಿತ್ತು.
ಎದುರು ಸೀಟಿನವಳು ಕೇಳಿದಳು:
'ಅಕ್ಕಾ, ಒಂದು ಕಾಗದ ಇದ್ರೆ ಕೊಡಿ,
ಶೇಂಗಾ ಸಿಪ್ಪೆ ಹಾಕೋಕೆ.'

ಹೀಗೂ ಕೊಡಬಹುದೇ?
ಕೈ ಬ್ಯಾಗಿನೊಳಗೇ ಒಂದು ಗಳಿಗೆ ನಿಂತು
ಆಮೇಲೆ ಕೊಟ್ಟಿತು.

ಸಿಪ್ಪೆ ಬೀಳುವ ಮೊದಲೇ ಮಗಳು ಕಸಿದುಕೊಂಡಳು.
ಮೂರನೇ ಕ್ಲಾಸಿರಬೇಕು, ಬೆರಳಿಟ್ಟು ಓದುತ್ತಾಳೆ:
ಶಿ... ಲು... ಬೆ.
'ಅಂದ್ರೆ?'
ಮರದ್ದು, ಎಂದೆ. ಮೊಳೆ ಹೊಡೆದರು, ಎಂದೆ.
ಯಾರಿಗೆ, ಯಾಕೆ, ಅಷ್ಟನ್ನೂ
ಗಾಡಿಯ ಸದ್ದಿಗಿಂತ ಸಣ್ಣಗೆ ಹೇಳಿದೆ.

ತಾಯಿ ಶೇಂಗಾ ಒಡೆಯುವುದನ್ನು ನಿಲ್ಲಿಸಿದಳು.
'ಅವನವ್ವ ಎಲ್ಲಿದ್ಳು ಆವಾಗ?'

ತರಬೇತಿಯಲ್ಲಿ ನಲವತ್ತು ಪ್ರಶ್ನೆ ಕಲಿಸಿದ್ದರು,
ಉತ್ತರ ಸಮೇತ. ಇದಿರಲಿಲ್ಲ.
'ಅಲ್ಲೇ ನಿಂತಿದ್ದಳು.'
'ಕೊನೇತನಕ?'
'ಕೊನೇತನಕ.'
'ಪುಣ್ಯವಂತೆ,' ಎಂದಳು.
'ದೊಡ್ಡಾಸ್ಪತ್ರೇಲಿ ನನ್ನ
ಬಾಗಿಲ ಹೊರಗೇ ಕೂರಿಸಿದ್ರು.'

ಮತ್ತೆ ಮಾತಿಲ್ಲ. ನನ್ನ ಅಂಗೈಗೆ
ಸುಲಿದ ನಾಲ್ಕು ಕಾಳು ಹಾಕಿದಳು.
ಪ್ರಾರ್ಥನೆ ಮರೆತು ತಿಂದೆ.

ಅರಸಾಳು. ಮಡಿಲ ಸಿಪ್ಪೆ ಕೊಡವಿ ಇಳಿದರು,
ಕಾಗದ ಹುಡುಗಿಯ ಕೈಯಲ್ಲಿ.
ಗಾಡಿ ಅಲ್ಲಾಡಿದಾಗ ಕಿಟಕಿಯ ಜೊತೆ ಓಡಿಬಂದಳು:
'ಆಂಟೀ, ಆಮೇಲೆ ಏನಾಯ್ತು ಅವನಿಗೆ?'

ಅಯ್ಯೋ, ಮೂರನೆಯ ದಿನದ್ದು!
ಅದನ್ನೇ ಹೇಳಿರಲಿಲ್ಲ.
ಕಂಬಿಗೆ ಮುಖ ಒತ್ತಿ ಕೂಗಿದೆ.
ಹಾರನ್ ನುಂಗಿತು.

ಈಗ ಪ್ರತಿ ಗುರುವಾರ ಅದೇ ಗಾಡಿ,
ಪ್ಲಾಟ್‌ಫಾರ್ಮಿನ ಕಡೆಯ ಕಿಟಕಿ ಹಿಡಿದು ಕೂರುತ್ತೇನೆ.
ಬ್ಯಾಗಿನಲ್ಲಿ ಹತ್ತು ಕರಪತ್ರ,
ಕಾಲು ಕೆಜಿ ಶೇಂಗಾ.