ಗಂಟಲಿಗೆ ರಜೆ

ಗಂಟಲಲ್ಲಿ ಗಂಟು, ಅಕ್ಕಿಕಾಳಿಗಿಂತ ಸಣ್ಣದು, ಎಂದರು ಡಾಕ್ಟರು.
ಇಪ್ಪತ್ತೊಂದು ದಿನ ಮಾತು ಬೇಡ.
ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು.
ನಗಬಹುದೇ? ಚೀಟಿಯಲ್ಲಿ ಬರೆದು ಕೇಳಿದೆ.
ಸದ್ದಿಲ್ಲದೆ, ಎಂದರು.

ಪುಂತಾ ಅರೇನಾಸ್‌ನಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ.
ಗಾಳಿ ಎದ್ದ ದಿನ ಚೌಕದ ಬೀದಿಗೆ ಹಗ್ಗ ಕಟ್ಟುತ್ತಾರೆ,
ಹಿಡಿದು ನಡೆಯಿರಿ, ಹಾರಿಹೋದೀರಿ ಎಂದು.
ನಮ್ಮ ಶಾಲೆಯ ತಗಡು ದಿನವಿಡೀ ಹಲ್ಲು ಕಡಿಯುತ್ತದೆ.
ಅದರ ಮೇಲೆ ನಾನು ಕೂಗಬೇಕು, ನನ್ನ ಮೇಲೆ ಮಕ್ಕಳು ಕೂಗಬೇಕು,
ಹೀಗೆ ಇಪ್ಪತ್ತಾರು ವರ್ಷ
ಒಂದನೇ ತರಗತಿಯ ಬಾಗಿಲಲ್ಲಿ ನಿಂತು
ಸಾಲು! ಸಾಲು! ಎಂದೆ.
ಸಾಲು ಒಂದು ದಿನವೂ ನೆಟ್ಟಗಾಗಲಿಲ್ಲ.

ಗಂಟಲಿನ ಗಂಟಿಗೆ ಗಂಟೆಯೇ ಮದ್ದೆಂದುಕೊಂಡು
ಸೋಮವಾರ ಚೀಲ ತುಂಬಿದೆ:
ಜಾಮ್ ಮುಗಿದ ಸೀಸೆ, ಒಂದು ಚಮಚ.
ದೋಣಿ ಕಟ್ಟುವ ಅಣ್ಣ ಕೊಟ್ಟ ಲೆಂಗಾ ಮರದ ಎರಡು ತುಂಡು.
ಅಪ್ಪನ ಕುರಿಮಂದೆಯ ಗಂಟೆ, ನಾಲಗೆ ಸವೆದದ್ದು.
ಮತ್ತೆ, ಉತ್ತರದ ಮರುಭೂಮಿಯಿಂದ ನಾದಿನಿ ತಂದ ಮಳೆಕೋಲು:
ಒಣಗಿದ ಕಳ್ಳಿ; ಅದರ ಮುಳ್ಳನ್ನು ಅದರೊಳಗೇ ಬಡಿದು
ಹರಳು ತುಂಬಿ ಬಾಯಿ ಮುಚ್ಚಿದ್ದಾರೆ.
ಮಳೆ ಕಾಣದ ಊರಿನವರು ಮಾಡಿಕೊಂಡ ಮಳೆ.

ಅರ್ಧ ಮಕ್ಕಳಿಗೆ ಇನ್ನೂ ಓದು ಬಾರದು. ಹಲಗೆಯ ಮೇಲೆ ಚಿತ್ರ ಬಿಡಿಸಿದೆ.
ಸೀಸೆಗೆ ಪುಸ್ತಕ ಮುಚ್ಚುವುದು.
ಮರ ಎರಡು ಸಲ ಬಡಿದರೆ ಕುರ್ಚಿ ಒಳಗೆ.
ಗಂಟೆಗೆ ಕೋಟು, ಟೋಪಿ, ಸಾಲು.
ಮಳೆಯ ಎದುರು ಏನೂ ಹೊಳೆಯಲಿಲ್ಲ. ಜಾಗ ಬಿಟ್ಟೆ.

ಮೊದಲ ದಿನ ಬರೀ ಸಂತೆ. ಸೀಸೆ ಕಿಣಿ ಎಂದೊಡನೆ
ರಿಗೊಬೆರ್ತೊ ಊಟದ ಡಬ್ಬಿ ತೆಗೆದ.
ಅವನ ಮನೆಯಲ್ಲಿ ಚಮಚಕ್ಕೆ ಅದೊಂದೇ ಅರ್ಥ, ತಪ್ಪು ಹೇಗೆ?
ಬುಧವಾರ ಕುರ್ಚಿಗಳು ಒಳಗೆ ಹೋದವು, ಎಳೆಯದೆ, ಎತ್ತಿ.
ಗುರುವಾರ ಕೋಲನ್ನು ಓರೆ ಮಾಡಿದೆ.
ಹರಳು ಮುಳ್ಳಿನಿಂದ ಮುಳ್ಳಿಗೆ ಜಾರಿ,
ತಡೆದು, ಸರ್ರನೆ ಇಳಿದು, ಮತ್ತೆ ತಡೆದು,
ಇಪ್ಪತ್ತೆಂಟು ತಲೆ ಛಾವಣಿ ನೋಡಿದವು.
ಮಿಲೆಂಕಾ ಕಿಟಕಿಯ ಸಂದಿಗೆ ಕೈ ತೂರಿಸಿ
ಒಣ ಅಂಗೈಯನ್ನು ನನ್ನ ಮುಖಕ್ಕೆ ಹಿಡಿದಳು,
ಸುಳ್ಳು ಸಿಕ್ಕಿಬಿತ್ತು ಎಂಬಂತೆ.
ಆಮೇಲೆ ಯಾನಾರಾ ಎದ್ದು ಬಂದು
ನಾನು ಬಿಟ್ಟ ಜಾಗದಲ್ಲಿ ಒಂದು ಕಿವಿ ಬಿಡಿಸಿದಳು,
ಕಡಲ ಚಿಪ್ಪಿನಷ್ಟು ದೊಡ್ಡದು.

ಎರಡನೇ ವಾರ ಸಾಲು ಎಷ್ಟು ನೆಟ್ಟಗಿತ್ತೆಂದರೆ
ನನಗೆ ಭಯವಾಯಿತು.
ಅಪ್ಪನ ಕುರಿಗಳೂ ಈ ಗಂಟೆಗೇ ಸಾಲಾಗುತ್ತಿದ್ದವು,
ಎಲ್ಲಿಗೆಂದು ಕೇಳದೆ,
ಕಸಾಯಿಖಾನೆಯ ಲಾರಿಯ ಹಲಗೆ ಹತ್ತುವಾಗಲೂ.
ಅಂದು ರಾತ್ರಿ ಗಂಟೆಯನ್ನು ಕಪಾಟಿನಲ್ಲಿಟ್ಟೆ.

ಮರುದಿನ ಬಿಡುವಿನ ಹೊತ್ತಿಗೆ ಸದ್ದೇ ಇಲ್ಲ.
ಮಕ್ಕಳು ಕಾದರು. ನಾನೂ ಕಾದೆ.
ಯಾರದೋ ಕೋಟಿನ ಜಿಪ್ಪು ಝರ್ ಎಂದಿತು.
ಇನ್ನೊಂದು. ಮೂಲೆಯಲ್ಲಿ ನಾಲ್ಕು ಒಟ್ಟಿಗೆ.
ರಿಗೊಬೆರ್ತೊನದು ಅರ್ಧಕ್ಕೆ ಸಿಕ್ಕಿಕೊಂಡಿತು, ಎಲ್ಲರೂ ನಿಂತರು,
ಬಿಡಿಸಿಕೊಂಡ ಮೇಲೆ ಹೊರಟರು, ಸಾಲು ಸ್ವಲ್ಪ ಸೊಟ್ಟ.
ಸದ್ದಿಲ್ಲದೆ ನಕ್ಕೆ. ಡಾಕ್ಟರು ಹೇಳಿದ ಹಾಗೆ.

ಅವನ ತಾಯಿ ಗೇಟಿನ ಬಳಿ ತಡೆದು ಕೇಳಿದಳು:
ಏನು ಮಾಟ ಮಾಡಿದಿರಿ ಟೀಚರ್?
ಹುಡುಗ ಎರಡು ಸೌಟು ಬಡಿದ,
ನನ್ನ ಗಂಡ ಕುರ್ಚಿ ಒಳಗೆ ತಳ್ಳಿ ಎದ್ದ!

ಇಪ್ಪತ್ತೆರಡನೇ ದಿನ ದನಿ ಬಂತು.
ಕೆಮ್ಮಿ, ಸರಿಪಡಿಸಿಕೊಂಡು, ಶುಭೋದಯ ಮಕ್ಕಳೇ, ಎಂದೆ.
ಒಬ್ಬರೂ ತಿರುಗಲಿಲ್ಲ.
ಯಾರೋ ಹೊಸ ಟೀಚರ್ ಪಕ್ಕದ ಕೋಣೆಯಲ್ಲಿ
ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ.
ಮಿಲೆಂಕಾ ಒಬ್ಬಳೇ ತುಟಿಗೆ ಬೆರಳಿಟ್ಟು
ಮೇಜಿನ ಬಳಿ ಬಂದು, ತುದಿಗಾಲಲ್ಲಿ ನಿಂತು
ಕೋಲನ್ನು ಮೆಲ್ಲಗೆ ಓರೆ ಮಾಡಿದಳು.

ನಾನೂ ಛಾವಣಿ ನೋಡಿದೆ.