ಮೂಕಿ ಭಾರ

ಟ್ರಕ್ಕಿನ ಬಾಗಿಲ ಚೌಕಟ್ಟಿನಲ್ಲಿ ಹಳದಿ ಚೀಟಿಯೊಂದು
ನಾಲ್ಕು ವರ್ಷ ಅಂಟಿಕೊಂಡೇ ಇತ್ತು.
ನಾನು ಓದಿರಲಿಲ್ಲ.
ದಿನಕ್ಕೆ ನೂರು ಚೀಟಿ ಓದುವವಳು ನಾನು:
ಯಾರ ರಕ್ತ, ಯಾವ ಔಷಧಿ, ಎಷ್ಟು ಮಿಲಿ, ಎಷ್ಟು ಹೊತ್ತಿಗೆ.

ಓದಿಸಿದವಳು ಲೋರ್ನಾ,
ಬಫಲೋ ಊರಿನ ಕ್ಯಾಂಪಿನಲ್ಲಿ ಪಕ್ಕದ ಜಾಗದವಳು,
ಮೂವತ್ತೊಂದು ವರ್ಷ ದನದ ಲಾರಿ ಓಡಿಸಿ
ಈಗ ಮೊಣಕಾಲಿಗೆ ಮುಲಾಮು ತಿಕ್ಕುತ್ತ ಕೂತವಳು.
"ನಾಳೆ ಘಾಟಿ ದಾಟುತ್ತೀಯಾ? ಇದರಲ್ಲಾ?"
ಎಂದು ಟ್ರಕ್ಕಿನ ಹಿಂಭಾಗ ನೋಡಿದಳು,
ಕುಂಡೆ ಊರಿ ಕೂತ ನಾಯಿಯನ್ನು ನೋಡುವಂತೆ.

ಎಳೆಯಬಲ್ಲದು ಹನ್ನೊಂದು ಸಾವಿರ ಪೌಂಡು,
ಹಾಗಂತ ಜಾಹೀರಾತು, ಹಾಗಂತ ಮುಕುಂದ.
ಹೊರಬಲ್ಲದು ಸಾವಿರದ ಆರುನೂರ ಹತ್ತು,
ಹಾಗಂತ ಚೀಟಿ.
ಎಳೆಯುವುದು ಬೇರೆ, ಹೊರುವುದು ಬೇರೆ.
ಮದುವೆಯಲ್ಲಿ ಯಾರೂ ಹೇಳದ ಮಾತನ್ನು
ಟ್ರಕ್ಕು ಮಾರಿದವನು ಯಾಕೆ ಹೇಳಿಯಾನು?

ಅಜ್ಜನಿಗೆ ಗೊತ್ತಿತ್ತು. ಬ್ಯಾಡಗಿ ಪೇಟೆಗೆ
ಮೆಣಸಿನಕಾಯಿ ಹೇರುವಾಗ
ಚೀಲ ಹಿಂದೊಂದು ಮುಂದೊಂದು ಸರಿಸಿ
ನೊಗದಡಿ ಅಂಗೈ ತೂರಿಸಿ ತೂಗಿ ನೋಡುತ್ತಿದ್ದ.
"ಮೂಕಿ ಭಾರ ಜಾಸ್ತಿ ಆದ್ರ ಎತ್ತಿನ ಹೆಗಲು ಹುಣ್ಣಾಕ್ಕೈತಿ,
ಕಮ್ಮಿ ಆದ್ರ ಗಾಡಿ ಆಕಾಶ ನೋಡತೈತಿ.
ಎತ್ತು ಬಾಯಿಬಿಟ್ಟು ಹೇಳಾಂಗಿಲ್ಲವಾ, ನೀನ ನೋಡಬೇಕು."

ಲಾರಿ ತೂಗುವ ಕಟ್ಟೆಯ ಮೇಲೆ ಹೋಗಿ ಬಂದೆವು.
ಮುನ್ನೂರ ನಲವತ್ತು ಪೌಂಡು ಹೆಚ್ಚು.
"ನಿನ್ನ ಹಾಸಿಗೆ ಎಲ್ಲಿದೆ ನೋಡು," ಅಂದಳು.
ಈ ಬಗೆಯ ಮನೆಗಾಡಿಯಲ್ಲಿ ಮಲಗುವ ಕೋಣೆ
ಟ್ರಕ್ಕಿನ ಬೆನ್ನ ಮೇಲೇ, ಕೊಂಡಿಯ ನೆತ್ತಿಗೇ.
ಮಂಚದ ಕೆಳಗೆ ಬಚ್ಚಿಟ್ಟಿದ್ದನ್ನೆಲ್ಲ
ಹೊರುವುದು ಅದೇ.

ಮಂಚ ಎತ್ತಿದೆ.
ಚಳಿಗಾಲದ ರಜಾಯಿ, ಎರಡು ಜೊತೆ ಹಳೆ ಶೂ,
ಆಮೇಲೆ ಮುಕುಂದನ ಡಬ್ಬಗಳು, ಆರು.
ಹೊಳೆದಂಡೆಯಲ್ಲಿ, ಹೆದ್ದಾರಿ ಬದಿಯಲ್ಲಿ
ಕುಕ್ಕರಗಾಲಲ್ಲಿ ಕೂತು ಆರಿಸಿದ ಕಲ್ಲು.
ಕೆಂಪು ಪಟ್ಟೆಯವು, ಮರವಾಗಿದ್ದು ಕಲ್ಲಾದವು,
ಒಂದೊಂದಕ್ಕೂ ಅಂಟುಚೀಟಿ, ತಾರೀಖು,
ನನ್ನ ಹುಟ್ಟುಹಬ್ಬ ಮರೆತವನ ದುಂಡು ಅಕ್ಷರ.
ಟೂಸಾನ್‌ಗೆ ಹೋಗುವಾಗ ಎರಡೇ ಬ್ಯಾಗು ಸಾಕೆಂದಿದ್ದ.
ಹದಿನಾಲ್ಕು ತಿಂಗಳು
ನಾನು ಕಲ್ಲಿನ ಮೇಲೆ ಮಲಗಿದ್ದೆ.

ನಗು ಬಂತು. ಲೋರ್ನಾಗೂ.
ನೀರಿನ ಟ್ಯಾಂಕು ಖಾಲಿ ಮಾಡಿದೆವು,
ಜನರೇಟರು ಅವಳಿಗೇ ಮಾರಿದೆ,
ಅಕ್ಕಿ, ಬೇಳೆ, ಕುಕ್ಕರು ಗಾಲಿಯ ಅಚ್ಚಿನ ನೇರಕ್ಕೆ ಬಂದವು.
ಕಲ್ಲೆಲ್ಲ ಕ್ಯಾಂಪಿನ ಗೇಟಿನ ಗುಲಾಬಿ ಬುಡಕ್ಕೆ.
ಒಂದನ್ನು ಮಾತ್ರ ಅವಳು ವಾಪಸು ತಂದಳು,
ತೆಂಗಿನಕಾಯಿಗಿಂತ ದಪ್ಪ, ಒಂದು ಬದಿ ಚಪ್ಪಟೆ.
"ಇದು ಇರಲಿ. ಬೇಕಾಗುತ್ತದೆ.
ಹತ್ತಿದ ಗೇರಿನಲ್ಲೇ ಇಳಿ.
ಬ್ರೇಕಿನ ಮೇಲೆ ಕಾಲಿಟ್ಟು ಕೂರಬೇಡ. ಒತ್ತು, ಬಿಡು."

ಪೌಡರ್ ರಿವರ್ ಘಾಟಿಯಲ್ಲಿ ಜೂನ್‌ನಲ್ಲೂ ಹಿಮದ ತೇಪೆ.
ಹಿಂದೆ ನಾಲ್ಕು ಕಾರು ಸಾಲುಗಟ್ಟಿದವು, ಬದಿಗೆ ಸರಿದು ದಾರಿ ಕೊಟ್ಟೆ.
ಇಳಿಜಾರಿನಲ್ಲಿ ಎಂಜಿನ್ನು ಹಲ್ಲು ಕಚ್ಚಿ ಗುರುಗುಟ್ಟಿತು.
ಮನೆ ನನ್ನ ಬೆನ್ನಿಗೆ ಒರಗಿಕೊಂಡು ಬಂತು,
ತಳ್ಳಲಿಲ್ಲ.
ಕಿಟಕಿ ಇಳಿಸಿ ಮೂಸಿದೆ.
ಸುಟ್ಟ ವಾಸನೆ ಇಲ್ಲ. ಪೈನ್ ಮರ, ಬಿಸಿಲು, ಅಷ್ಟೇ.

ಟೆನ್ ಸ್ಲೀಪ್. ಊರಿನ ಹೆಸರೇ ಹತ್ತು ನಿದ್ದೆ.
ಹಿಂದೆ ದಾರಿಯನ್ನು ರಾತ್ರಿಗಳಲ್ಲಿ ಅಳೆಯುತ್ತಿದ್ದರಂತೆ,
ಇಲ್ಲಿಂದ ಅಲ್ಲಿಗೆ ಹತ್ತು ಸಲ ಮಲಗಿ ಏಳುವಷ್ಟು.
ನನಗಿರುವುದು ಎರಡು. ಸೋಮವಾರದಿಂದ
ವರ್ಲಂಡ್ ಆಸ್ಪತ್ರೆ, ರಾತ್ರಿ ಪಾಳಿ, ಹದಿಮೂರು ವಾರ.

ಮೊದಲು ಗಾಲಿಗೆ ಕಲ್ಲು ಕೊಡಬೇಕು.
ಅಂಟುಚೀಟಿ ಇನ್ನೂ ಇತ್ತು. ಅದನ್ನು ನೆಲಕ್ಕೆ ಮಾಡಿ
ಕಾಲಲ್ಲಿ ಒದ್ದು ಕೂಡಿಸಿದೆ.
ಗಾಡಿಯ ಕಾಲು ಊರಿಸಿದೆ, ಟೈಲ್‌ಗೇಟು ಇಳಿಸಿದೆ
(ಒಮ್ಮೆ ಮರೆತದ್ದರ ನೆಗ್ಗು ಅದರಲ್ಲಿದೆ),
ಕೊಂಡಿ ಬಿಚ್ಚಿದೆ.
ಮುಂದೆ ಸರಿದದ್ದೇ ಟ್ರಕ್ಕಿನ ಹಿಂಭಾಗ
ಮೂರು ಬೆರಳು ಮೇಲೆದ್ದಿತು,
ಯಾರಿಗೂ ಕೇಳದ ಹಾಗೆ ಉಸಿರುಬಿಟ್ಟು.

ಒಳಗೆ ಹೋಗಿ
ಅಕ್ಕಿ ಡಬ್ಬ ಎಲ್ಲಿಟ್ಟೆನೆಂದು ಹುಡುಕತೊಡಗಿದೆ.