ಅಂದಾಜು ಪಟ್ಟಿ

ಬ್ಯಾಂಕಿನ ಹುಡುಗ ಕೇಳುತ್ತಾನೆ
ಮುಂದಿನ ಐದು ವರ್ಷದ ಅಂದಾಜು.
ನನಗೆ ಗೊತ್ತಿರುವುದು ಶನಿವಾರದವರೆಗೆ:
ಬಟವಾಡೆ, ಕರೆಂಟು ಬಿಲ್ಲು, ತಿಪ್ಪೇಶಿಯ ಓಟಿ.

ಪೀಣ್ಯ ಎರಡನೇ ಹಂತದ ಈ ಶೆಡ್ಡಲ್ಲಿ
ಇಪ್ಪತ್ತೆರಡು ವರ್ಷ ವಾಲ್ವ್ ಗೈಡು ಕಡೆದೆವು.
ಈಗಿನ ಗಾಡಿಗೆ ವಾಲ್ವೇ ಇಲ್ಲವಂತೆ,
ಕೆಮ್ಮದೆ ಹೋಗುತ್ತದಂತೆ.

ಹೊಸ ಡ್ರಾಯಿಂಗು ಬಂದಿದೆ:
ಉಗುರಿನಷ್ಟು ಹಿತ್ತಾಳೆ ಬುಷ್ಷು,
ಹತ್ತು ಮೈಕ್ರಾನು ಮೀರಿದರೆ ವಾಪಸು.
ಮೊದಲನೆಯದನ್ನು ತಿಪ್ಪೇಶಿ ಹೆಬ್ಬೆಟ್ಟಿನಲ್ಲಿ ಸವರಿ
'ಹನ್ನೆರಡು ಬಂತಲ್ಲ ಅಕ್ಕಾ' ಎಂದ.
ಗೇಜು ಹಿಡಿದೆ. ಹನ್ನೆರಡೇ.
ಗುಜರಿ ಡಬ್ಬಕ್ಕೆ ಹಾಕಿ ಮತ್ತೊಂದು ಕಚ್ಚಿಸಿದ.

ಆಸ್ತಿ ಎಂಬ ಕಾಲಮ್ಮಿನಲ್ಲಿ
ಲೇತು ಬರೆದೆ, ಠೇವಣಿ ಬರೆದೆ,
ಸವೆದ ಬೆಂಚು ಗ್ರೈಂಡರೂ ಬರೆದೆ.
ಈ ಹೆಬ್ಬೆಟ್ಟು ಎಲ್ಲಿಗೆ ಬರುತ್ತಪ್ಪಾ ಎಂದರೆ
ಪೆನ್ನು ಚಾಚಿದ ಹುಡುಗ:
'ಹೆಬ್ಬೆಟ್ಟು ಬೇಡ ಮೇಡಂ, ಸೈನ್ ಸಾಕು.'